ಸ್ಪೈಡರ್-ಮ್ಯಾನ್‌ನ ಪರ್ಯಾಯ ವಿಶ್ವದ ರೂಪಗಳು

ಸ್ಪೈಡರ್-ಮ್ಯಾನ್‌ನ ಪರ್ಯಾಯ ವಿಶ್ವದ ರೂಪಗಳು ಎಂದರೆ ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಕಾಲ್ಪನಿಕ ನಾಯಕನಾದ ಸ್ಪೈಡರ್-ಮ್ಯಾನ್‌ನನ್ನು ಮೂಲ ಕಥಾಸರಣಿಗಿಂತ ಭಿನ್ನವಾದ ಲೋಕಗಳಲ್ಲಿ ಇರಿಸಿ ರಚಿಸಲಾದ ಪಾತ್ರಗಳು. ಇವುಗಳಲ್ಲಿ ಕೆಲವು ಮೂಲ ನಾಯಕನಾದ ಪೀಟರ್ ಪಾರ್ಕರ್‌ನ ಬದಲಾದ ಬದುಕನ್ನು ಹೇಳುತ್ತವೆ. ಇನ್ನು ಕೆಲವು ಬೇರೆಯೇ ಹೆಸರು, ಊರು, ಕುಲ, ಕಾಲಗಳಿಗೆ ಸೇರಿದ ವ್ಯಕ್ತಿಗಳಿಗೆ ಅದೇ ಮುಖವಾಡವನ್ನು ತೊಡಿಸುತ್ತವೆ. ಮೈಲ್ಸ್ ಮೊರಾಲೆಸ್, ಮಿಗೆಲ್ ಒ'ಹಾರಾ, ಗ್ವೆನ್ ಸ್ಟೇಸಿ ಮತ್ತು ಭಾರತದ ಪವಿತ್ರ್ ಪ್ರಭಾಕರ್ ಇವರಲ್ಲಿ ಹೆಚ್ಚು ಪರಿಚಿತರು. ಈ ಪಾತ್ರಗಳ ಸಂಖ್ಯೆ ಬೆಳೆದಂತೆ, ಏನನ್ನು ಬದಲಿಸಿದರೂ ಸ್ಪೈಡರ್-ಮ್ಯಾನ್ ಸ್ಪೈಡರ್-ಮ್ಯಾನ್ ಆಗಿಯೇ ಉಳಿಯುತ್ತಾನೆ, ಏನನ್ನು ತೆಗೆದರೆ ಉಳಿಯುವುದಿಲ್ಲ ಎಂಬ ಪ್ರಶ್ನೆಯೇ ಕಥೆಗಳ ವಸ್ತುವಾಯಿತು.

ಮೂಲ ಕಥೆ

ಸ್ಪೈಡರ್-ಮ್ಯಾನ್ ಪಾತ್ರವನ್ನು ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಸೃಷ್ಟಿಸಿದರು. 1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ' ಪತ್ರಿಕೆಯ 15ನೇ ಸಂಚಿಕೆಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ದೊಡ್ಡಪ್ಪ ಬೆನ್ ಮತ್ತು ದೊಡ್ಡಮ್ಮ ಮೇ ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಅನಾಥ ವಿದ್ಯಾರ್ಥಿ ಪೀಟರ್ ಪಾರ್ಕರ್‌ನನ್ನು ವಿಕಿರಣಕ್ಕೆ ಒಳಗಾದ ಜೇಡವೊಂದು ಕಚ್ಚುತ್ತದೆ. ಅದರಿಂದ ಅವನಿಗೆ ಗೋಡೆ ಹತ್ತುವ ಶಕ್ತಿ ಮತ್ತು ಅಸಾಧಾರಣ ಬಲ ದೊರೆಯುತ್ತವೆ. ಆ ಶಕ್ತಿಯನ್ನು ಅವನು ಮೊದಲು ಹಣ ಮತ್ತು ಹೆಸರಿಗಾಗಿ ಬಳಸುತ್ತಾನೆ. ತನ್ನ ಎದುರಿನಲ್ಲೇ ಓಡಿಹೋಗುತ್ತಿದ್ದ ಕಳ್ಳನನ್ನು 'ಇದು ನನ್ನ ಕೆಲಸವಲ್ಲ' ಎಂಬ ಉಡಾಫೆಯಿಂದ ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ಬೆನ್‌ನನ್ನು ಕೊಲ್ಲುತ್ತಾನೆ. ಶಕ್ತಿಯೊಂದಿಗೆ ಹೊಣೆಗಾರಿಕೆಯೂ ಬರುತ್ತದೆ ಎಂಬ ಅರಿವಿನೊಂದಿಗೆ ಆ ಮೊದಲ ಕಥೆ ಮುಗಿಯುತ್ತದೆ.

ನಂತರದ ವರ್ಷಗಳಲ್ಲಿ ಈ ನಷ್ಟಕ್ಕೆ ಇನ್ನೆರಡು ಸಾವುಗಳು ಸೇರಿದವು. 1970ರಲ್ಲಿ ಪೊಲೀಸ್ ಕ್ಯಾಪ್ಟನ್ ಜಾರ್ಜ್ ಸ್ಟೇಸಿ, ಸ್ಪೈಡರ್-ಮ್ಯಾನ್ ಮತ್ತು ಡಾಕ್ಟರ್ ಆಕ್ಟೋಪಸ್‌ನ ಕಾಳಗದ ನಡುವೆ ಒಂದು ಮಗುವನ್ನು ರಕ್ಷಿಸಲು ಹೋಗಿ ಅವಶೇಷಗಳ ಕೆಳಗೆ ಸಿಲುಕಿ ಸಾಯುತ್ತಾನೆ. 1973ರಲ್ಲಿ ಅವನ ಮಗಳೂ ಪೀಟರ್‌ನ ಪ್ರೇಯಸಿಯೂ ಆದ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುತ್ತಾಳೆ. ಅವಳನ್ನು ಹಿಡಿಯಲು ಪೀಟರ್ ಎಸೆದ ಬಲೆಯೇ ಅವಳ ಸಾವಿನಲ್ಲಿ ಪಾಲು ಪಡೆಯುತ್ತದೆ. ಪರ್ಯಾಯ ರೂಪಗಳನ್ನು ಬರೆದವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಈ ಮೂರು ಸಾವುಗಳಿಗೆ ಉತ್ತರ ಹುಡುಕಿದ್ದಾರೆ.

ಪರ್ಯಾಯ ವಿಶ್ವಗಳ ಆರಂಭ

1977ರ ಫೆಬ್ರವರಿಯಲ್ಲಿ ಮಾರ್ವೆಲ್ 'ವಾಟ್ ಇಫ್' ಎಂಬ ಪತ್ರಿಕೆಯನ್ನು ಆರಂಭಿಸಿತು. 'ಹೀಗಾಗಿದ್ದರೆ?' ಎಂಬ ಪ್ರಶ್ನೆಯೇ ಅದರ ಪ್ರತಿ ಕಥೆಯ ತಳಹದಿ. ವಿಶ್ವದ ಆಗುಹೋಗುಗಳನ್ನು ದೂರದಿಂದ ನೋಡುವ ಉಆಟು ಎಂಬ ಸಾಕ್ಷಿ ಪಾತ್ರ ಕಥೆಯನ್ನು ನಿರೂಪಿಸುತ್ತದೆ. ರಾಯ್ ಥಾಮಸ್ ಬರೆದ ಮೊದಲ ಸಂಚಿಕೆಯ ವಸ್ತುವೇ ಸ್ಪೈಡರ್-ಮ್ಯಾನ್: ಅವನು 'ಫೆಂಟಾಸ್ಟಿಕ್ ಫೋರ್' ತಂಡಕ್ಕೆ ಸೇರಿದ್ದರೆ ಏನಾಗುತ್ತಿತ್ತು? 1963ರ ಮೂಲ ಕಥೆಯಲ್ಲಿ ಪೀಟರ್ ಆ ತಂಡವನ್ನು ಸೇರಲು ಹೋಗಿ, ಅಲ್ಲಿ ಸಂಬಳ ಕೊಡುವುದಿಲ್ಲ ಎಂದು ತಿಳಿದು ಹಿಂದಿರುಗಿದ್ದ. ಇಷ್ಟು ಚಿಕ್ಕ ಸಂಗತಿಯಿಂದ ಒಂದು ವಿಶ್ವವೇ ಕವಲೊಡೆಯಬಹುದು ಎಂಬ ಕಲ್ಪನೆ ಮುಂದಿನ ಎಲ್ಲ ರೂಪಗಳಿಗೂ ದಾರಿ ಮಾಡಿತು.

ಇಂತಹ ಲೋಕಗಳನ್ನು ಗುರುತಿಸಲು ಸಂಖ್ಯೆಗಳು ಬಳಕೆಗೆ ಬಂದವು. ಮೂಲ ಮಾರ್ವೆಲ್ ಲೋಕವನ್ನು 'ಅರ್ಥ್-616' ಎಂದು ಕರೆಯುವುದು 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ 'ಕ್ಯಾಪ್ಟನ್ ಬ್ರಿಟನ್' ಕಥೆಗಳಿಂದ ಬಂದ ರೂಢಿ. ಮೂಲ ಲೋಕಕ್ಕೆ ಒಂದನೆಯ ಸಂಖ್ಯೆಯನ್ನು ಕೊಡದೆ ಇಂತಹ ಅಂಕಿಯೊಂದನ್ನು ಕೊಟ್ಟುದರಿಂದ, ಅದೂ ಹಲವು ಲೋಕಗಳಲ್ಲಿ ಒಂದು ಮಾತ್ರ ಎಂಬ ಧ್ವನಿ ಹೊಮ್ಮಿತು.

ಎಲ್ಲ ರೂಪಗಳೂ ಗಂಭೀರವಾದವಲ್ಲ. 1983ರಲ್ಲಿ ಟಾಮ್ ಡಿಫಾಲ್ಕೊ ಮತ್ತು ಮಾರ್ಕ್ ಆರ್ಮ್‌ಸ್ಟ್ರಾಂಗ್ ರಚಿಸಿದ 'ಸ್ಪೈಡರ್-ಹ್ಯಾಮ್' ಒಂದು ಹಂದಿ. ಅದರ ಹೆಸರು ಪೀಟರ್ ಪೋರ್ಕರ್. ಇಲ್ಲಿ ಜೇಡ ಯಾರನ್ನೂ ಕಚ್ಚುವುದಿಲ್ಲ. ವಿಕಿರಣಕ್ಕೆ ಒಳಗಾದ ಹಂದಿಯೇ ಜೇಡವನ್ನು ಕಚ್ಚಿ, ಜೇಡ ಹಂದಿಯಾಗುತ್ತದೆ. 2003ರಲ್ಲಿ ನೀಲ್ ಗೈಮನ್ ಬರೆದ '1602' ಕಥೆಯಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಕಾಲದ ಪೀಟರ್ ಪಾರ್ಕ್ವಾ ಎಂಬ ಹುಡುಗನನ್ನು ಜೇಡ ಇನ್ನೇನು ಕಚ್ಚಿತು ಎನ್ನುವ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಕಚ್ಚುವುದು ಮಾತ್ರ ತಪ್ಪಿಹೋಗುತ್ತಲೇ ಇರುತ್ತದೆ. ಮೂಲ ಕಥೆ ಓದುಗರಿಗೆ ಎಷ್ಟು ಬಾಯಿಪಾಠವಾಗಿತ್ತು ಎಂಬುದಕ್ಕೆ ಈ ಎರಡು ವಿನೋದಗಳೇ ಸಾಕ್ಷಿ.

ಜಪಾನಿನ ರೂಪಗಳು

ಅಮೆರಿಕದ ಹೊರಗೆ ಸ್ಪೈಡರ್-ಮ್ಯಾನ್‌ನನ್ನು ಮೊದಲು ಹೊಸದಾಗಿ ಕಟ್ಟಿದ ದೇಶಗಳಲ್ಲಿ ಜಪಾನ್ ಮುಖ್ಯವಾದುದು. 1970ರಲ್ಲಿ ರ್ಯೋಯಿಚಿ ಇಕೆಗಾಮಿ ರಚಿಸಿದ ಮಾಂಗಾದಲ್ಲಿ ನಾಯಕ ಯು ಕೊಮೊರಿ ಎಂಬ ವಿದ್ಯಾರ್ಥಿ. 1978ರ ಮೇ ತಿಂಗಳಲ್ಲಿ ತೋಯೆ ಸಂಸ್ಥೆ ಆರಂಭಿಸಿದ ದೂರದರ್ಶನ ಸರಣಿ ಮೂಲದಿಂದ ಇನ್ನೂ ದೂರ ಸರಿಯಿತು. ಅದರ ನಾಯಕ ತಕುಯಾ ಯಾಮಾಶಿರೊ ಮೋಟರ್‌ಸೈಕಲ್ ಸ್ಪರ್ಧಿ. ಅವನಿಗೆ ಶಕ್ತಿ ಕೊಡುವವನು ಅನ್ಯಗ್ರಹದ ಯೋಧ. ಅವನ ಬಳಿ ಲಿಯೋಪಾರ್ಡನ್ ಎಂಬ ದೈತ್ಯ ಯಂತ್ರಮಾನವನೂ ಇದೆ. ಉಡುಪೊಂದನ್ನು ಬಿಟ್ಟರೆ ಅಮೆರಿಕದ ಕಥೆಯಿಂದ ಇಲ್ಲಿಗೆ ಬಂದದ್ದು ಬಹಳ ಕಡಿಮೆ. ಆದರೂ 41 ಕಂತುಗಳ ಈ ಸರಣಿಯ ಪ್ರಭಾವ ದೊಡ್ಡದು. ದೈತ್ಯ ಯಂತ್ರಮಾನವನ ಬಳಕೆಯನ್ನು ತೋಯೆ ಮರುವರ್ಷವೇ 'ಬ್ಯಾಟಲ್ ಫೀವರ್ ಜೆ' ಸರಣಿಗೆ ತಂದಿತು. ಅಲ್ಲಿಂದ ಅದು 'ಸೂಪರ್ ಸೆಂಟಾಯ್' ಸರಣಿಗಳ ಸ್ಥಿರ ಲಕ್ಷಣವಾಗಿ, ಮುಂದೆ ಅವುಗಳಿಂದ ಹುಟ್ಟಿದ 'ಪವರ್ ರೇಂಜರ್ಸ್' ಮೂಲಕ ಅಮೆರಿಕವನ್ನೇ ಮರಳಿ ತಲುಪಿತು.

ಭವಿಷ್ಯದ ಎರಡು ರೂಪಗಳು

ಪೀಟರ್ ಡೇವಿಡ್ ಮತ್ತು ರಿಕ್ ಲಿಯೊನಾರ್ಡಿ 1992ರಲ್ಲಿ ರಚಿಸಿದ 'ಸ್ಪೈಡರ್-ಮ್ಯಾನ್ 2099' ಕಥೆಯ ನಾಯಕ ಮಿಗೆಲ್ ಒ'ಹಾರಾ. ಮೆಕ್ಸಿಕನ್ ಮತ್ತು ಐರಿಷ್ ಮೂಲದ ಈ ತಳಿವಿಜ್ಞಾನಿ ಆಲ್ಕೆಮ್ಯಾಕ್ಸ್ ಎಂಬ ಕಂಪನಿಯ ನೌಕರ. 2099ರ ಅಮೆರಿಕದಲ್ಲಿ ಸರ್ಕಾರಕ್ಕಿಂತ ಕಂಪನಿಗಳದೇ ಆಡಳಿತ. ಕೆಲಸ ಬಿಡಲು ಹೊರಟ ಮಿಗೆಲ್‌ಗೆ ಅವನ ಮೇಲಧಿಕಾರಿ ಮೋಸದಿಂದ ಮಾದಕ ವಸ್ತುವನ್ನು ಕುಡಿಸಿ, ಕಂಪನಿಯನ್ನೇ ಅವಲಂಬಿಸುವಂತೆ ಮಾಡುತ್ತಾನೆ. ಅದರಿಂದ ಬಿಡುಗಡೆ ಪಡೆಯಲು ಅವನು ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗ ಕೆಟ್ಟು ಶಕ್ತಿಗಳು ಬರುತ್ತವೆ. ಇಲ್ಲಿ ಜೇಡದ ಕಡಿತವೂ ಇಲ್ಲ, ದೊಡ್ಡಪ್ಪನ ಸಾವೂ ಇಲ್ಲ. ಪಾಪಪ್ರಜ್ಞೆಯ ಜಾಗದಲ್ಲಿ ಕೋಪವನ್ನಿಟ್ಟ ಮೊದಲ ಮುಖ್ಯ ರೂಪ ಇದು.

1998ರ ಫೆಬ್ರವರಿಯಲ್ಲಿ 'ವಾಟ್ ಇಫ್' ಪತ್ರಿಕೆಯ ಒಂದೇ ಸಂಚಿಕೆಗಾಗಿ ಟಾಮ್ ಡಿಫಾಲ್ಕೊ ಮತ್ತು ರಾನ್ ಫ್ರೆಂಜ್ ರಚಿಸಿದ ಮೇ 'ಮೇಡೇ' ಪಾರ್ಕರ್, ಪೀಟರ್ ಮತ್ತು ಮೇರಿ ಜೇನ್ ದಂಪತಿಯ ಮಗಳು. 'ಸ್ಪೈಡರ್-ಗರ್ಲ್' ಎಂಬ ಹೆಸರಿನಲ್ಲಿ ಅವಳ ಸರಣಿ ಅದೇ ವರ್ಷ ಆರಂಭವಾಯಿತು. ಅದನ್ನು ನಿಲ್ಲಿಸುವ ನಿರ್ಧಾರಗಳು ಹಲವು ಬಾರಿ ಹೊರಬಿದ್ದರೂ ಓದುಗರ ಒತ್ತಾಯದಿಂದ ಮತ್ತೆ ಮತ್ತೆ ಉಳಿದು, 2006ರವರೆಗೆ 100 ಸಂಚಿಕೆಗಳನ್ನು ಕಂಡಿತು.

ಅಲ್ಟಿಮೇಟ್ ವಿಶ್ವ ಮತ್ತು ಮೈಲ್ಸ್ ಮೊರಾಲೆಸ್

ಹಲವು ದಶಕಗಳ ಕಥೆಯ ಹೊರೆಯಿಂದಾಗಿ ಹೊಸ ಓದುಗರಿಗೆ ಮೂಲ ಸರಣಿಯನ್ನು ಪ್ರವೇಶಿಸುವುದೇ ಕಷ್ಟವಾಗಿತ್ತು. ಇದಕ್ಕೆ ಪರಿಹಾರವಾಗಿ ಮಾರ್ವೆಲ್ 2000ದಲ್ಲಿ ಪೀಟರ್‌ನ ಕಥೆಯನ್ನು ಹೊಸ ಶತಮಾನದ ಹದಿಹರೆಯದ ಹುಡುಗನ ಕಥೆಯಾಗಿ ಮೊದಲಿನಿಂದ ಹೇಳಲು ತೊಡಗಿತು. ಬ್ರಯಾನ್ ಮೈಕೆಲ್ ಬೆಂಡಿಸ್ ಬರೆದು ಮಾರ್ಕ್ ಬ್ಯಾಗ್ಲಿ ಚಿತ್ರಿಸಿದ 'ಅಲ್ಟಿಮೇಟ್ ಸ್ಪೈಡರ್-ಮ್ಯಾನ್' ಇಂತಹ ಮೊದಲ ಪತ್ರಿಕೆ. ಇಬ್ಬರೂ ಸತತವಾಗಿ 111 ಸಂಚಿಕೆಗಳನ್ನು ಜೊತೆಯಾಗಿ ಹೊರತಂದು, 'ಫೆಂಟಾಸ್ಟಿಕ್ ಫೋರ್' ಪತ್ರಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸ್ಥಾಪಿಸಿದ್ದ ದಾಖಲೆಯನ್ನು ಮೀರಿದರು. ಈ ಲೋಕಕ್ಕೆ 'ಅರ್ಥ್-1610' ಎಂಬ ಸಂಖ್ಯೆ ಸಂದಿತು.

ಪರ್ಯಾಯ ಲೋಕ ಕೊಟ್ಟ ಸ್ವಾತಂತ್ರ್ಯವನ್ನು ಬೆಂಡಿಸ್ 2011ರಲ್ಲಿ ಪೂರ್ಣವಾಗಿ ಬಳಸಿಕೊಂಡರು. ಆ ವರ್ಷ ಈ ಲೋಕದ ಪೀಟರ್ ಪಾರ್ಕರ್ ತನ್ನ ಮನೆಯ ಮುಂದಿನ ಬೀದಿಯಲ್ಲಿ ಗ್ರೀನ್ ಗಾಬ್ಲಿನ್‌ನೊಂದಿಗೆ ಹೋರಾಡುತ್ತಾ ಸಾಯುತ್ತಾನೆ. ಬೆನ್‌ನನ್ನು ಉಳಿಸಲಾಗದಿದ್ದರೂ ಈ ಬಾರಿ ಮೇಯನ್ನು ಉಳಿಸಿದೆ ಎಂಬ ಸಮಾಧಾನ ಅವನ ಕೊನೆಯ ಮಾತುಗಳಲ್ಲಿದೆ. ಮೂಲ ಸರಣಿಯಲ್ಲಿ ಇಂತಹ ಸಾವು ಸಂಭವಿಸಿದರೂ ಅದು ಬಹಳ ಕಾಲ ನಿಲ್ಲುವುದಿಲ್ಲವೆಂದು ಓದುಗರಿಗೆ ತಿಳಿದಿತ್ತು. ಅಲ್ಟಿಮೇಟ್ ಲೋಕದಲ್ಲಿ ಮಾತ್ರ ತೆರವಾದ ಸ್ಥಾನಕ್ಕೆ ನಿಜವಾಗಿಯೂ ಹೊಸಬನೊಬ್ಬ ಬಂದ.

ಆ ಹೊಸಬನೇ ಮೈಲ್ಸ್ ಮೊರಾಲೆಸ್. ಬೆಂಡಿಸ್ ಮತ್ತು ಇಟಲಿಯ ಚಿತ್ರಕಾರ್ತಿ ಸಾರಾ ಪಿಕೆಲ್ಲಿ ರೂಪಿಸಿದ ಈ ಪಾತ್ರ 2011ರ ಆಗಸ್ಟ್‌ನಲ್ಲಿ 'ಅಲ್ಟಿಮೇಟ್ ಫಾಲ್‌ಔಟ್' ನಾಲ್ಕನೇ ಸಂಚಿಕೆಯಲ್ಲಿ ಪ್ರಕಟವಾಯಿತು. ಮೈಲ್ಸ್‌ನ ತಂದೆ ಆಫ್ರಿಕನ್-ಅಮೆರಿಕನ್, ತಾಯಿ ಪೋರ್ಟೊ ರಿಕೊ ಮೂಲದವಳು, ಊರು ಬ್ರೂಕ್ಲಿನ್. ಒಳ್ಳೆಯ ಶಾಲೆಯೊಂದಕ್ಕೆ ಅವನಿಗೆ ಸೀಟು ಸಿಗುವುದು ಲಾಟರಿಯಲ್ಲಿ. ಅವನ ತಂದೆಯ ಸಹೋದರ ಆರನ್ ಕಳ್ಳ. ಪ್ರಯೋಗಾಲಯದಲ್ಲಿ ಕಳವು ಮಾಡುವಾಗ ಅವನ ಚೀಲದೊಳಗೆ ಸೇರಿಕೊಂಡ ಜೇಡವೇ ಮೈಲ್ಸ್‌ನನ್ನು ಕಚ್ಚುತ್ತದೆ. ಅಂದರೆ ಪೀಟರ್‌ನ ಕಥೆಯಲ್ಲಿ ಬೇರೆ ಬೇರೆಯಾಗಿದ್ದ ಕಳ್ಳ ಮತ್ತು ಹಿರಿಯ ಬಂಧು ಇಲ್ಲಿ ಒಬ್ಬನೇ. ಶಕ್ತಿ ಬಂದರೂ ಸಾಮಾನ್ಯ ಹುಡುಗನಾಗಿಯೇ ಇರಲು ಬಯಸಿದ ಮೈಲ್ಸ್, ಪೀಟರ್‌ನ ಸಾವನ್ನು ಕಂಡು, ತಾನು ಮುಂಚೆಯೇ ಮುಂದೆ ಬಂದಿದ್ದರೆ ಅವನು ಬದುಕುತ್ತಿದ್ದನೇನೋ ಎಂದು ಕೊರಗುತ್ತಾನೆ.

ಹಾಸ್ಯನಟ ಡೊನಾಲ್ಡ್ ಗ್ಲೋವರ್ 'ಕಮ್ಯುನಿಟಿ' ಎಂಬ ಧಾರಾವಾಹಿಯಲ್ಲಿ ಸ್ಪೈಡರ್-ಮ್ಯಾನ್ ಪೈಜಾಮ ತೊಟ್ಟು ಕಾಣಿಸಿಕೊಂಡದ್ದು ಈ ಪಾತ್ರಕ್ಕೆ ಪ್ರೇರಣೆಯಾಯಿತೆಂದು ಬೆಂಡಿಸ್ ಹೇಳಿದ್ದಾರೆ. ಪಾತ್ರದ ಘೋಷಣೆಗೆ ಬಂದ ಪ್ರತಿಕ್ರಿಯೆ ಏಕಮುಖವಾಗಿರಲಿಲ್ಲ. ಕಪ್ಪು ಮತ್ತು ಲ್ಯಾಟಿನೊ ಓದುಗರು ಅನೇಕರು ಇದನ್ನು ಸಂಭ್ರಮಿಸಿದರೆ, ಇದು ಕೇವಲ ಪ್ರಚಾರತಂತ್ರ ಎಂದು ಟೀಕಿಸಿದವರೂ ಇದ್ದರು. ಸ್ಟ್ಯಾನ್ ಲೀ ಬಹಿರಂಗವಾಗಿ ಈ ಪಾತ್ರವನ್ನು ಸ್ವಾಗತಿಸಿದರು. ಪ್ರಚಾರತಂತ್ರವೆಂಬ ಆಕ್ಷೇಪಕ್ಕೆ ಕಾಲವೇ ಉತ್ತರಿಸಿತು. 2015ರ 'ಸೀಕ್ರೆಟ್ ವಾರ್ಸ್' ಕಥೆಯಲ್ಲಿ ಅಲ್ಟಿಮೇಟ್ ಲೋಕವೇ ನಾಶವಾದರೂ ಮೈಲ್ಸ್ ನಾಶವಾಗಲಿಲ್ಲ; ಅವನನ್ನು ಕುಟುಂಬಸಮೇತ ಮೂಲ ಮಾರ್ವೆಲ್ ಲೋಕಕ್ಕೆ ತರಲಾಯಿತು. ಕಥೆಯೊಳಗೆ ಇದಕ್ಕೆ ಕೊಟ್ಟ ಕಾರಣ ಸ್ವಾರಸ್ಯಕರವಾದುದು: ಹಸಿದಿದ್ದ ಮಾಲಿಕ್ಯೂಲ್ ಮ್ಯಾನ್ ಎಂಬ ಮಹಾಶಕ್ತನಿಗೆ ಮೈಲ್ಸ್ ತನ್ನ ಜೇಬಿನಲ್ಲಿ ಉಳಿದಿದ್ದ ಹಳಸಲು ಬರ್ಗರ್ ಕೊಟ್ಟಿದ್ದ. ಆ ಉಪಕಾರಕ್ಕೆ ಪ್ರತಿಯಾಗಿ, ಹಿಂದೆ ಸತ್ತಿದ್ದ ಅವನ ತಾಯಿಯೂ ಹೊಸ ಲೋಕದಲ್ಲಿ ಬದುಕಿ ಬಂದಳು. ಪರ್ಯಾಯ ರೂಪವಾಗಿ ಹುಟ್ಟಿದ ಪಾತ್ರವೊಂದು ತನ್ನ ಹೆಸರಿನ ಮೂಲನಾಯಕನ ಪಕ್ಕದಲ್ಲೇ ಸಮಾನ ಸ್ಥಾನ ಪಡೆದ ಉದಾಹರಣೆಗಳು ಕಾಮಿಕ್ಸ್ ಇತಿಹಾಸದಲ್ಲಿ ವಿರಳ.

ಭಾರತದ ಸ್ಪೈಡರ್-ಮ್ಯಾನ್

'ಸ್ಪೈಡರ್-ಮ್ಯಾನ್: ಇಂಡಿಯಾ' ಸರಣಿಯನ್ನು ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ರಚಿಸಿದರು. ಭಾರತದಲ್ಲಿ ಮಾರ್ವೆಲ್ ಪತ್ರಿಕೆಗಳನ್ನು ಪ್ರಕಟಿಸುತ್ತಿದ್ದ ಗೋಥಮ್ ಎಂಟರ್‌ಟೇನ್‌ಮೆಂಟ್ ಗ್ರೂಪ್ ಇದನ್ನು 2004ರಲ್ಲಿ ಹೊರತಂದಿತು. ಬಳಿಕ ಅಮೆರಿಕದಲ್ಲಿಯೂ ಇದು ನಾಲ್ಕು ಸಂಚಿಕೆಗಳಾಗಿ ಪ್ರಕಟವಾಯಿತು.

ಕಥೆಯ ಹೆಸರುಗಳನ್ನು ಮೂಲದ ಧ್ವನಿಗೆ ಹೊಂದಿಸಲಾಗಿದೆ. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್. ಬೆನ್ ಮತ್ತು ಮೇ ಕ್ರಮವಾಗಿ ಭೀಮ್ ಮತ್ತು ಮಾಯಾ. ಮೇರಿ ಜೇನ್ ಎಂಬವಳು ಮೀರಾ ಜೈನ್. ನಾರ್ಮನ್ ಆಸ್ಬಾರ್ನ್ ಎಂಬ ಖಳನಾಯಕ ನಳಿನ್ ಒಬೆರಾಯ್. ಹಳ್ಳಿಯ ಹುಡುಗನಾದ ಪವಿತ್ರ್ ವಿದ್ಯಾರ್ಥಿವೇತನ ಪಡೆದು ಮುಂಬಯಿಗೆ ಬರುತ್ತಾನೆ. ಧೋತ್ರ ಉಡುವ ಅವನನ್ನು ಶಾಲೆಯ ಶ್ರೀಮಂತ ಮಕ್ಕಳು ಹಂಗಿಸುತ್ತಾರೆ. ಅವನಿಗೆ ಶಕ್ತಿ ದೊರೆಯುವುದು ವಿಜ್ಞಾನದಿಂದಲ್ಲ, ಪುರಾತನ ಯೋಗಿಯೊಬ್ಬನಿಂದ. ಖಳನಾಯಕ ರಾಕ್ಷಸನಾಗುವುದೂ ಮಂತ್ರಶಕ್ತಿಯಿಂದಲೇ. ಸ್ಪೈಡರ್-ಮ್ಯಾನ್ ಆದ ಮೇಲೂ ಅವನು ಧೋತ್ರವನ್ನು ಬಿಡುವುದಿಲ್ಲ.

ಹೆಸರುಗಳ ಈ ಕನ್ನಡಿಯಾಟ ಮತ್ತು ಭಾರತವೆಂದರೆ ಮಂತ್ರ-ಯೋಗಿಗಳೇ ಎಂಬ ಧೋರಣೆ ಸರಣಿಯ ದುರ್ಬಲ ಭಾಗಗಳು. ಆದರೆ ಒಂದು ಬದಲಾವಣೆ ಗಮನಾರ್ಹ. ಪವಿತ್ರ್ ಓಡುವ ಕಳ್ಳನನ್ನು ಬಿಟ್ಟವನಲ್ಲ; ದಾಳಿಗೆ ಒಳಗಾದ ಹೆಂಗಸೊಬ್ಬಳ ಕೂಗು ಕೇಳಿಯೂ ಮುಂದೆ ಸಾಗಿದವನು. ಅದೇ ಕೂಗಿಗೆ ಓಗೊಟ್ಟು ಹೋದ ಭೀಮ್ ಇರಿತಕ್ಕೆ ಬಲಿಯಾಗುತ್ತಾನೆ. ಪೀಟರ್‌ನ ಕಥೆಯಲ್ಲಿ ತಪ್ಪಿಗೂ ಸಾವಿಗೂ ನಡುವೆ ಕಾಕತಾಳೀಯದ ಅಂತರವಿದೆ. ಇಲ್ಲಿ ಆ ಅಂತರವೇ ಇಲ್ಲ. ಹುಡುಗ ಮಾಡಬೇಕಾಗಿದ್ದ ಕೆಲಸವನ್ನೇ ಹಿರಿಯನು ಮಾಡಹೋಗಿ ಸಾಯುತ್ತಾನೆ. ಮಹಾನಗರದಲ್ಲಿ ಬದುಕುವ ಯಾವ ಓದುಗನಿಗೂ ಈ ತಪ್ಪು ಅಪರಿಚಿತವಲ್ಲ.

ಸರಣಿ ಬೇಗನೆ ಮುಗಿದರೂ ಪವಿತ್ರ್ ಮರೆಯಾಗಲಿಲ್ಲ. 2014ರ ನಂತರದ ಸಾಮೂಹಿಕ ಕಥೆಗಳಲ್ಲಿ ಅವನು ಮರಳಿ ಬಂದ. 2023ರಲ್ಲಿ ಲೇಖಕ ನಿಕೇಶ್ ಶುಕ್ಲಾ ಮತ್ತು ಚಿತ್ರಕಾರ ಅಭಿಷೇಕ್ ಮಾಲ್ಸುನಿ ಅವನ ಹೊಸ ಸರಣಿಯನ್ನು ರೂಪಿಸಿದರು.

ಸ್ಪೈಡರ್-ವರ್ಸ್

ಪರ್ಯಾಯ ರೂಪಗಳು ಒಂದೆಡೆ ಸೇರುವ ಕಲ್ಪನೆ ಮುದ್ರಣಕ್ಕಿಂತ ಮೊದಲು ದೂರದರ್ಶನದಲ್ಲಿ ಮೂಡಿತ್ತು. 1990ರ ದಶಕದ ಆನಿಮೇಷನ್ ಸರಣಿಯ ಕೊನೆಯ ಕಥೆಯಲ್ಲಿ, 1998ರಲ್ಲಿ, ಹಲವು ಲೋಕಗಳ ಪೀಟರ್‌ಗಳು ಒಂದಾಗಿ ಹೋರಾಡುತ್ತಾರೆ. ಅವರಲ್ಲೊಬ್ಬ, ಸ್ಪೈಡರ್-ಮ್ಯಾನ್ ಕೇವಲ ಕಾಮಿಕ್ಸ್ ಪಾತ್ರವಾಗಿರುವ ಲೋಕಕ್ಕೆ ಹೋಗಿ ಸ್ಟ್ಯಾನ್ ಲೀಯನ್ನು ಭೇಟಿಯಾಗುತ್ತಾನೆ. 2010ರ 'ಶ್ಯಾಟರ್ಡ್ ಡೈಮೆನ್ಷನ್ಸ್' ವಿಡಿಯೊ ಗೇಮ್‌ನಲ್ಲಿ ನಾಲ್ಕು ಲೋಕಗಳ ನಾಯಕರಿದ್ದರು. ಅದರ ಕಥೆಗಾರ ಡ್ಯಾನ್ ಸ್ಲಾಟ್ 2014ರಲ್ಲಿ 'ಸ್ಪೈಡರ್-ವರ್ಸ್' ಎಂಬ ಬೃಹತ್ ಕಥೆಯನ್ನು ಬರೆದರು. ಜೇಡಶಕ್ತಿಯುಳ್ಳವರನ್ನು ಬೇಟೆಯಾಡಿ ತಿನ್ನುವ ಮೊರ್ಲುನ್‌ನ ಕುಟುಂಬದ ವಿರುದ್ಧ ಎಲ್ಲ ಲೋಕಗಳ ಸ್ಪೈಡರ್-ಮ್ಯಾನ್‌ಗಳು ಒಟ್ಟುಗೂಡುವುದು ಅದರ ವಸ್ತು. ಜಪಾನಿನ ತಕುಯಾ ತನ್ನ ಯಂತ್ರಮಾನವನೊಂದಿಗೆ ಬಂದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ನ್ಯೂಯಾರ್ಕಿನಿಂದ, 2009ರ 'ನುವಾರ್' ಸರಣಿಯ ಕಪ್ಪುಕೋಟಿನ ಪೀಟರ್ ಬಂದ.

ಈ ಕಥೆಯ ಪೂರ್ವಭಾಗವಾಗಿ ಜೇಸನ್ ಲಾಟೂರ್ ಮತ್ತು ರಾಬಿ ರೊಡ್ರಿಗೆಜ್ ರಚಿಸಿದ 'ಸ್ಪೈಡರ್-ಗ್ವೆನ್' ಮುಖ್ಯ ಕಥೆಗಿಂತಲೂ ಹೆಚ್ಚು ಕಾಲ ಉಳಿದಳು. ಇಲ್ಲಿ ಜೇಡ ಕಚ್ಚುವುದು ಗ್ವೆನ್ ಸ್ಟೇಸಿಯನ್ನು. ಅವಳಂತೆ ವಿಶೇಷನಾಗಬೇಕೆಂಬ ಹಂಬಲದಲ್ಲಿ ಪೀಟರ್ ತನ್ನನ್ನು ತಾನೇ ಹಲ್ಲಿಯಂತಹ ರಾಕ್ಷಸನನ್ನಾಗಿಸಿಕೊಂಡು ಸಾಯುತ್ತಾನೆ. ಕೊಲೆಯ ಆರೋಪ ಗ್ವೆನ್ ಮೇಲೆ ಬರುತ್ತದೆ. ಅವಳನ್ನು ಬಂಧಿಸಲು ಹೊರಟ ಪೊಲೀಸ್ ಕ್ಯಾಪ್ಟನ್ ಅವಳ ತಂದೆಯೇ. 1970ರ ದಶಕದ ಎರಡು ಸಾವುಗಳನ್ನು ಹಿಂದುಮುಂದಾಗಿಸಿದ ಈ ಕಥೆ, ನಾಯಕನ ದುಃಖಕ್ಕಾಗಿಯೇ ಸತ್ತವಳೆಂದು ನೆನಪಾಗುತ್ತಿದ್ದ ಪಾತ್ರಕ್ಕೆ ತನ್ನದೇ ಬದುಕನ್ನು ಕೊಟ್ಟಿತು. ಓದುಗರ ಅಪೇಕ್ಷೆಯ ಮೇರೆಗೆ 2015ರಲ್ಲಿ ಅವಳಿಗೆ ಪ್ರತ್ಯೇಕ ಪತ್ರಿಕೆ ದೊರೆಯಿತು.

ಚಲನಚಿತ್ರಗಳಲ್ಲಿ

ಮೈಲ್ಸ್‌ನನ್ನು ನಾಯಕನನ್ನಾಗಿಸಿದ 2018ರ ಆನಿಮೇಷನ್ ಚಿತ್ರ 'ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್' ಅತ್ಯುತ್ತಮ ಆನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆಯಿತು. 2021ರ 'ನೋ ವೇ ಹೋಮ್' ಚಿತ್ರದಲ್ಲಿ ಟೋಬಿ ಮ್ಯಾಗ್ವೈರ್, ಆಂಡ್ರ್ಯೂ ಗಾರ್ಫೀಲ್ಡ್ ಮತ್ತು ಟಾಮ್ ಹಾಲೆಂಡ್ ಎಂಬ ಮೂವರು ಪೀಟರ್‌ಗಳು ಒಂದೇ ತೆರೆಯ ಮೇಲೆ ಬಂದರು.

2023ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಚಿತ್ರ ಪರ್ಯಾಯ ರೂಪಗಳ ತರ್ಕವನ್ನೇ ವಿಚಾರಣೆಗೆ ಒಳಪಡಿಸುತ್ತದೆ. ಇದರಲ್ಲಿ ಮಿಗೆಲ್ ಒ'ಹಾರಾ ಸಾವಿರಾರು ಸ್ಪೈಡರ್-ಮ್ಯಾನ್‌ಗಳ ಸಂಘದ ಮುಖಂಡ. ಪ್ರತಿ ಸ್ಪೈಡರ್-ಮ್ಯಾನ್‌ನ ಬದುಕಿನಲ್ಲೂ ಕೆಲವು ಘಟನೆಗಳು, ಆಪ್ತನಾದ ಪೊಲೀಸ್ ಕ್ಯಾಪ್ಟನ್ನಿನ ಸಾವೂ ಸೇರಿದಂತೆ, ನಡೆದೇ ತೀರಬೇಕು. ತಡೆದರೆ ಆ ಲೋಕವೇ ಕುಸಿಯುತ್ತದೆ ಎಂಬುದು ಅವನ ನಂಬಿಕೆ. ಮುಂಬಯಿ ಮತ್ತು ಮ್ಯಾನ್‌ಹಟನ್ ಬೆರೆತ 'ಮುಂಬಾಟನ್' ನಗರದಲ್ಲಿ ಮೈಲ್ಸ್ ಈ ನಿಯಮವನ್ನು ಅರಿಯದೆ ಮುರಿಯುತ್ತಾನೆ. ಅಲ್ಲಿ ಅವನು ರಕ್ಷಿಸಿದ ಇನ್‌ಸ್ಪೆಕ್ಟರ್ ಸಿಂಗ್, ಪವಿತ್ರ್‌ನ ಗೆಳತಿ ಗಾಯತ್ರಿಯ ತಂದೆ. ಮುಂದೆ ಸಾಯಬೇಕಾದ ಕ್ಯಾಪ್ಟನ್ ತನ್ನ ತಂದೆಯೇ ಎಂದು ತಿಳಿದಾಗ ಮೈಲ್ಸ್ ಸಂಘದ ವಿರುದ್ಧ ನಿಲ್ಲುತ್ತಾನೆ. ಗ್ವೆನ್‌ಳ ತಂದೆ ಪೊಲೀಸ್ ಕೆಲಸಕ್ಕೇ ರಾಜೀನಾಮೆ ಕೊಡುವುದರಿಂದ ಆ ನಿಯಮ ಅಷ್ಟು ಅನಿವಾರ್ಯವೇ ಎಂಬ ಸಂದೇಹ ಚಿತ್ರದೊಳಗೇ ಉಳಿಯುತ್ತದೆ. ಮುಖವಾಡ ತೊಡಲು ನಷ್ಟ ಅನಿವಾರ್ಯವೇ ಎಂಬುದು ಲೇಖಕರ ರೂಢಿಯನ್ನು ಕುರಿತ ಪ್ರಶ್ನೆಯೂ ಹೌದು.

ಚಿತ್ರದ ಪವಿತ್ರ್ 2004ರ ದುಃಖಿತ ಹುಡುಗನಲ್ಲ. ತುಂಟನೂ ಆತ್ಮವಿಶ್ವಾಸಿಯೂ ಆದ ಅವನು 'ಚಾಯ್ ಟೀ' ಎಂದ ಮೈಲ್ಸ್‌ನನ್ನು ಚಾಯ್ ಎಂದರೇ ಟೀ ಎಂದು ತಿದ್ದುತ್ತಾನೆ. ಬ್ರಿಟಿಷರು ದೇಶದ ಸೊತ್ತನ್ನು ಕದ್ದೊಯ್ದ ಮಾತನ್ನೂ ನಗುತ್ತಲೇ ಆಡುತ್ತಾನೆ. ಇಂಗ್ಲಿಷ್‌ನಲ್ಲಿ ಅವನಿಗೆ ಕರಣ್ ಸೋನಿ, ಹಿಂದಿ ಮತ್ತು ಪಂಜಾಬಿಯಲ್ಲಿ ಕ್ರಿಕೆಟ್ ಆಟಗಾರ ಶುಭಮನ್ ಗಿಲ್ ಧ್ವನಿ ನೀಡಿದ್ದಾರೆ. ಭಾರತದಲ್ಲಿ ಈ ಚಿತ್ರವನ್ನು ಕನ್ನಡವೂ ಸೇರಿದಂತೆ 10 ಭಾಷೆಗಳಲ್ಲಿ ಬಿಡುಗಡೆ ಮಾಡಲಾಯಿತು.

ಇತ್ತೀಚಿನ ರೂಪ

2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಚಿತ್ರಕಾರ ಮಾರ್ಕೊ ಕೆಕೆಟ್ಟೊ ಮತ್ತೊಂದು 'ಅಲ್ಟಿಮೇಟ್ ಸ್ಪೈಡರ್-ಮ್ಯಾನ್' ಸರಣಿಯನ್ನು ಆರಂಭಿಸಿದರು. ಈ ಲೋಕದಲ್ಲಿ ಮೇಕರ್ ಎಂಬ ಖಳನಾಯಕ, ಪೀಟರ್‌ನನ್ನು ಜೇಡ ಕಚ್ಚದಂತೆ ಮೊದಲೇ ತಡೆದಿದ್ದಾನೆ. ಆದ್ದರಿಂದ ಪೀಟರ್ ಶಕ್ತಿಯಿಲ್ಲದೆಯೇ ಬೆಳೆದು, ಮೇರಿ ಜೇನ್‌ಳನ್ನು ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿದ್ದಾನೆ. ದೊಡ್ಡಮ್ಮ ಮೇ ತೀರಿಕೊಂಡಿದ್ದಾಳೆ. ದೊಡ್ಡಪ್ಪ ಬೆನ್ ಪತ್ರಕರ್ತನಾಗಿ ಬದುಕಿದ್ದಾನೆ. ತನ್ನ ಬದುಕಿನಲ್ಲಿ ಏನೋ ಕಾಣೆಯಾಗಿದೆ ಎಂದು ವರ್ಷಗಟ್ಟಲೆ ಅನಿಸುತ್ತಿದ್ದ ಈ ಮಧ್ಯವಯಸ್ಸಿನ ಪೀಟರ್‌ಗೆ ಕೊನೆಗೆ ಜೇಡ ಬಲವಂತವಾಗಿ ಎದುರಾಗುವುದಿಲ್ಲ. ಅದು ಅವನ ಮುಂದೆ ಒಂದು ಆಯ್ಕೆಯಾಗಿ ಬರುತ್ತದೆ, ಮತ್ತು ಅವನು ಕೈ ಚಾಚುತ್ತಾನೆ.